ಮುದ್ದೆ, ಸೊಪ್ಪು ಉಂಡರೂ ರಕ್ತ ಕಡಿಮೆ ಏಕೆ?

ಪ್ರಶ್ನೆ: ನನಗೆ 34 ವರ್ಷ. ದಿನವೂ ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುತ್ತೇನೆ. ಆದರೂ ಹಿಮೋಗ್ಲೋಬಿನ್ 9.4 ಬಂದಿದೆ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಊಟದಲ್ಲೇ ಸರಿಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಆಗುವುದಿಲ್ಲ, ಮಾತ್ರೆ ಬೇಕೇ ಬೇಕು. ಗರ್ಭಿಣಿಯಲ್ಲದ ಮಹಿಳೆಗೆ 12ಕ್ಕಿಂತ ಕಡಿಮೆ ಇದ್ದರೇ ರಕ್ತಹೀನತೆ. ನಿಮ್ಮದು ಅದಕ್ಕಿಂತ ಬಹಳ ಕೆಳಗಿದೆ.

ರಾಗಿಯ ಹೆಚ್ಚುಗಾರಿಕೆ ಇರುವುದು ಕ್ಯಾಲ್ಸಿಯಂನಲ್ಲಿ: 100 ಗ್ರಾಂಗೆ ಸುಮಾರು 350 ಮಿ.ಗ್ರಾಂ. ಕಬ್ಬಿಣ 4 ಮಿ.ಗ್ರಾಂ ಆಸುಪಾಸು ಮಾತ್ರ. ರಾಗಿಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಅದನ್ನೂ ಹಿಡಿದಿಟ್ಟುಕೊಳ್ಳುವುದರಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ಮುಟ್ಟಾಗುವ ವಯಸ್ಸಿನ ಮಹಿಳೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವ ಕಬ್ಬಿಣದ ಪ್ರಮಾಣ ದಿನಕ್ಕೆ 29 ಮಿ.ಗ್ರಾಂ.

ಹಾಗೆಂದು ಮುದ್ದೆ ಬಿಡಬೇಡಿ. ಊಟದ ಹಿಂದೆಯೇ ಕಾಫಿ, ಟೀ ಕುಡಿಯುವ ರೂಢಿಯನ್ನು ಮೊದಲು ಬಿಡಿ. ಎರಡು ಗಂಟೆಯಾದರೂ ಅಂತರವಿರಲಿ. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕಬ್ಬಿಣ ಹೀರಿಕೆಗೆ ವಿಟಮಿನ್ ಸಿ ನೆರವಾಗುತ್ತದೆ, ಆದರೆ ಕುದಿಸಿದರೆ ಅದು ಹಾಳಾಗುತ್ತದೆ. ಊಟಕ್ಕೊಂದು ಸೀಬೆಹಣ್ಣು ಇದ್ದರೆ ಇನ್ನೂ ಒಳ್ಳೆಯದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ತಗ್ಗುತ್ತದೆ. ಈ ಹಿಟ್ಟಿನ ಮುದ್ದೆ ಬಿಗಿಯಾಗಿ ಬರುವುದಿಲ್ಲ. ಗಂಜಿ, ಅಂಬಲಿಗೆ ಬಳಸಿ.

ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ನೀರು ಅಥವಾ ನಿಂಬೆ ಪಾನಕದ ಜೊತೆ ನುಂಗುವುದು ಉತ್ತಮ. ತೊಳಸಿದರೆ ತುಸು ಆಹಾರದ ನಂತರ ತೆಗೆದುಕೊಳ್ಳಿ. ಅದೂ ಒಗ್ಗದಿದ್ದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹಾಲು, ಕ್ಯಾಲ್ಸಿಯಂ ಮಾತ್ರೆ ಇದರ ಜೊತೆಗೆ ಬೇಡ. ಮಲ ಕಪ್ಪಾಗುವುದು ಸಹಜ. ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆಯಿದ್ದರೆ ಮಾತ್ರ ತಕ್ಷಣ ತೋರಿಸಿ.

ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಅತಿಯಾದ ಮುಟ್ಟಿನ ಸ್ರಾವ, ಕೊಕ್ಕೆಹುಳು, ವಿಟಮಿನ್ ಬಿ12 ಕೊರತೆ, ಥಲಸ್ಸೀಮಿಯಾ (ವಂಶವಾಹಿಯಾಗಿ ಬರುವ ರಕ್ತದ ಕಾಯಿಲೆ) ಇವುಗಳಿಗೆ ಪರೀಕ್ಷೆ ಆಗಬೇಕು. ಇನ್ನು, 12 ಮುಟ್ಟಿತೆಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ದೇಹದ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಮೂರು ತಿಂಗಳು ಬೇಕು. ಅದಿಲ್ಲದೆ ಹೋದರೆ ಕೆಲವೇ ತಿಂಗಳಲ್ಲಿ ಮತ್ತೆ ಕುಸಿಯುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಮಾತ್ರೆ ಕೈಗೆಟುಕದಂತಿಡಿ, ಹೆಚ್ಚು ನುಂಗಿದರೆ ಪ್ರಾಣಕ್ಕೇ ಅಪಾಯ.

ಪ್ರಶ್ನೆ: ತಂದೆಗೆ 62 ವರ್ಷ, ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಹಲವು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಈಗ ಪಾದ ಜೋಮು ಹಿಡಿಯುತ್ತದೆ, ಸುಸ್ತು ಬೇರೆ. ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರೆ ಸಾಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದೊಂದನ್ನೇ ಕೊಡಬೇಡಿ. ಕೊರತೆ ಬಿ12ದಾಗಿದ್ದರೆ ಫೋಲಿಕ್ ಆಮ್ಲದಿಂದ ರಕ್ತದ ವರದಿ ಮಾತ್ರ ಸುಧಾರಿಸುತ್ತದೆ, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ಬಿ12 ಇಲ್ಲ. ಮೊಟ್ಟೆ, ಮಾಂಸ ತಿನ್ನದವರಿಗೆ ಹಾಲು, ಮೊಸರೇ ಆಧಾರ. ದಿನಕ್ಕೆ ಬೇಕಾದುದು ಎರಡು ಮೈಕ್ರೊಗ್ರಾಂಗಿಂತ ತುಸು ಹೆಚ್ಚು. ಅಷ್ಟಕ್ಕೆ ಅರ್ಧ ಲೀಟರ್ ಹಾಲಾದರೂ ಬೇಕು. ಮೆಟ್‌ಫಾರ್ಮಿನ್, ದೀರ್ಘಕಾಲದ ಆಸಿಡಿಟಿ ಮಾತ್ರೆ, ವಯಸ್ಸು ಮೂರೂ ಹೀರಿಕೆಯನ್ನು ತಗ್ಗಿಸುತ್ತವೆ. ಆದರೂ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆಯಿಂದಲೂ ಜೋಮು ಬರುವುದರಿಂದ ಬಿ12 ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಎರಡನ್ನೂ ಮಾಡಿಸಿ. ರಕ್ತ ಕೊಡುವ ಮೊದಲು ಬಿ-ಕಾಂಪ್ಲೆಕ್ಸ್ ನುಂಗಿಸಬೇಡಿ, ಅಂಕಿ ಏರಿ ಕೊರತೆ ಮರೆಯಾಗುತ್ತದೆ. ಕೊರತೆ ಖಚಿತವಾದರೆ ವೈದ್ಯರು ಚುಚ್ಚುಮದ್ದನ್ನೋ ಹೆಚ್ಚು ಪ್ರಮಾಣದ ಮಾತ್ರೆಯನ್ನೋ ಕೊಡುತ್ತಾರೆ. ಜೋಮು ಹಳೆಯದಾದಷ್ಟೂ ಪೂರ್ತಿ ವಾಸಿಯಾಗುವುದು ಕಷ್ಟ, ಹಾಗಾಗಿ ಈ ವಾರವೇ ಕರೆದುಕೊಂಡು ಹೋಗಿ.