ಮೂರು, ಎರಡು, ಒಂದು: ಲೆಕ್ಕ ಬಿಟ್ಟ ಲೇಖನಕ್ಕೆ ಉತ್ತರ

ಮಾನ್ಯರೆ,

ವರ್ಷದ ಅತ್ಯುತ್ತಮ ಚಿತ್ರವನ್ನು ವಿಮರ್ಶಕರು ಮತ ಹಾಕಿ ಆರಿಸುವ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ತಿಳಿಯಾಗಿದೆ. ಆದರೂ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲಾರೆ. ನನ್ನ ತಕರಾರೆಲ್ಲ ಎರಡನೇ ಪುಟದ ಮೇಲೆ.

‘ಅಮೆರಿಕದ ನ್ಯಾಷನಲ್ ಸೊಸೈಟಿ ಆಫ್ ಫಿಲ್ಮ್ ಕ್ರಿಟಿಕ್ಸ್ ಸದಸ್ಯರು ಮೆಚ್ಚಿದ ಚಿತ್ರಕ್ಕೆ ಒಂದೊಂದು ಮತ ಹಾಕುತ್ತಾರೆ’ ಎಂದಿದ್ದೀರಿ. ತಪ್ಪು. 1966ರಲ್ಲಿ ಶುರುವಾದ ಆ ಸಂಘದಲ್ಲಿ ಒಬ್ಬೊಬ್ಬರೂ ಮೂರು ಹೆಸರು ಬರೆಯುತ್ತಾರೆ: ಮೊದಲನೆಯದಕ್ಕೆ 3 ಅಂಕ, ಎರಡನೆಯದಕ್ಕೆ 2, ಮೂರನೆಯದಕ್ಕೆ 1. ಅಂಕ ಹೆಚ್ಚು ಬಂದರಷ್ಟೇ ಸಾಲದು, ಅರ್ಧಕ್ಕಿಂತ ಹೆಚ್ಚು ಮತಪತ್ರಗಳಲ್ಲಿ ಹೆಸರೂ ಇರಬೇಕು. ಇಲ್ಲದಿದ್ದರೆ ಎರಡನೇ ಸುತ್ತು. ಸಭೆಗೆ ಬರದೆ ಮತ ಕಳಿಸಿದವರು ಆ ಸುತ್ತಿಗೆ ಲೆಕ್ಕಕ್ಕಿಲ್ಲ.

ಮುಂದಿನ ಸಾಲು: ‘ಹೀಗೆ ಅತಿ ಹೆಚ್ಚು ವಿಮರ್ಶಕರ ನೆಚ್ಚಿನ ಚಿತ್ರವೇ ಗೆಲ್ಲುತ್ತದೆ.’ ಪೆನ್ನು ತಗೊಂಡು ಕೂಡಿ ನೋಡಿ. 20 ಮಂದಿ ಮತದಾರರು ಅಂದುಕೊಳ್ಳಿ. ಒಂದು ಚಿತ್ರಕ್ಕೆ 8 ಮೊದಲ ಸ್ಥಾನ, 4 ಮೂರನೇ ಸ್ಥಾನ: 28 ಅಂಕ. ಇನ್ನೊಂದಕ್ಕೆ ಮೊದಲ ಸ್ಥಾನ ಬರೀ 5, ಆದರೆ ಎರಡನೇ ಸ್ಥಾನ 12: 39 ಅಂಕ. ಎಂಟು ಜನರ ನೆಚ್ಚಿನ ಚಿತ್ರ ಸೋತಿತು, ಐದೇ ಜನರ ನೆಚ್ಚಿನದು ಗೆದ್ದಿತು. ಅರ್ಧ ಜನ ತಲೆ ಮೇಲೆ ಹೊತ್ತು, ಉಳಿದರ್ಧ ಜನ ಹೆಸರೇ ಬರೆಯದ ಚಿತ್ರಕ್ಕೆ ಈ ಪದ್ಧತಿಯಲ್ಲಿ ಯಾವಾಗಲೂ ಕಷ್ಟ. ನಿಮ್ಮ ಲೇಖನದ ಜೀವ ಇಲ್ಲೇ ಇತ್ತು, ನೀವು ದಾಟಿಕೊಂಡು ಹೋಗಿಬಿಟ್ಟಿರಿ.

ಅದೇ ಪ್ಯಾರಾದಲ್ಲಿ ‘ಒಮ್ಮತದ ತೀರ್ಪು’ ಎಂದು ಬೇರೆ ಬರೆದಿದ್ದೀರಿ. 2013ರಲ್ಲಿ ಲಾಸ್ ಏಂಜಲೀಸ್ ವಿಮರ್ಶಕರ ಸಂಘದಲ್ಲಿ ‘ಗ್ರ್ಯಾವಿಟಿ’, ‘ಹರ್’ ಎರಡೂ ಸಮ ಬಂದು ಪ್ರಶಸ್ತಿ ಹಂಚಿಹೋಯಿತು. ಒಮ್ಮತ ಎಲ್ಲಿದೆ?

ನಾನು ಡೆಸ್ಕಿನಲ್ಲಿ ಕೆಲಸ ಕಲಿಯುವಾಗ ಹಿರಿಯರು ಚುನಾವಣೆ ಸುದ್ದಿಯಲ್ಲಿ ಗೆದ್ದವರ ಹೆಸರಿಗಿಂತ ಮೊದಲು ಅಂತರ ಎಷ್ಟು, ತಿರಸ್ಕೃತ ಮತ ಎಷ್ಟು ಎಂದು ಕೇಳುತ್ತಿದ್ದರು. ಕೂಡಿದರೆ ತಾಳೆಯಾಗದ ಕಾಪಿ ಮುಂದೆ ಹೋಗುತ್ತಿರಲಿಲ್ಲ. ಸಿನಿಮಾ ಪುಟಕ್ಕೆ ಆ ಶಿಸ್ತು ಯಾಕೋ ಬರಲೇ ಇಲ್ಲ.

ಇನ್ನು ‘ವರ್ಷದ ಎಲ್ಲ ಚಿತ್ರಗಳನ್ನೂ ನೋಡಿ’ ಎಂಬ ಮಾತು. ಕನ್ನಡದಲ್ಲೇ ವರ್ಷಕ್ಕೆ 200ರ ಆಸುಪಾಸು ಚಿತ್ರ ತೆರೆ ಕಾಣುತ್ತವೆ. ಶುಕ್ರವಾರ ಬಂದು ಸೋಮವಾರದೊಳಗೆ ಕೆ.ಜಿ. ರಸ್ತೆಯಿಂದ ಮಾಯವಾಗುವವು ಎಷ್ಟೋ. ಅಂಕದ ಲೆಕ್ಕದಲ್ಲಿ ಹಿಡಿಸದ ಚಿತ್ರಕ್ಕೂ ಸೊನ್ನೆ, ನೋಡದ ಚಿತ್ರಕ್ಕೂ ಸೊನ್ನೆ. ಡಿಸೆಂಬರ್ ಕೊನೆಯ ವಾರದ ಬಿಡುಗಡೆಗಳು ಹೆಚ್ಚಾಗಿ ಹೀಗೇ ಬಲಿಯಾಗುವುದು. ನಿರ್ಮಾಪಕರು ಮತದಾರರಿಗೆ ಚಿತ್ರ ನೋಡಲು ಲಿಂಕ್ ಕಳಿಸಿದ್ದರೋ ಇಲ್ಲವೋ ಎಂಬುದೂ ಫಲಿತಾಂಶದ ಒಂದು ಭಾಗ.

‘ವರ್ಷ’ ಅಂದರೆ ಯಾವ ವರ್ಷ ಎಂಬುದನ್ನೂ ಹೇಳಿಲ್ಲ. ರಾಷ್ಟ್ರಪ್ರಶಸ್ತಿಗೆ ಸೆನ್ಸಾರ್ ಪ್ರಮಾಣಪತ್ರದ ದಿನಾಂಕ ಲೆಕ್ಕ. ವಿಮರ್ಶಕರ ಸಂಘಗಳು ಸಾಮಾನ್ಯವಾಗಿ ಬಿಡುಗಡೆಯ ದಿನಾಂಕ ಹಿಡಿಯುತ್ತವೆ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಫೆಬ್ರವರಿಯಲ್ಲಿ ತೆರೆಗೆ ಬಂದ ಚಿತ್ರ ಅಲ್ಲೊಂದು ವರ್ಷಕ್ಕೆ, ಇಲ್ಲೊಂದು ವರ್ಷಕ್ಕೆ ಸೇರುತ್ತದೆ. ನೀವು ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ‘ವಿಮರ್ಶಕರು ಕಡೆಗಣಿಸಿದರು’ ಎಂದು ದೂರಿದ್ದೀರಿ. ಅಲ್ಲಿ ಆಯ್ಕೆ ಸಮಿತಿ ಒಟ್ಟಿಗೆ ಕೂತು ನೋಡಿ ಚರ್ಚಿಸುತ್ತದೆ, ಇಲ್ಲಿ ಒಬ್ಬೊಬ್ಬರೂ ತಮ್ಮ ಪಾಡಿಗೆ ಮತ ಬರೆಯುತ್ತಾರೆ. ಹೋಲಿಕೆ ನಿಲ್ಲುವುದಿಲ್ಲ, ಆ ಪ್ಯಾರಾ ತೆಗೆಯಿರಿ.

ಸಮಾರಂಭದ ವರ್ಣನೆ ನಿಮ್ಮಿಷ್ಟ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಬೆಂಗಳೂರಿನಲ್ಲೇ ಮತ ಹಾಕುವ ಒಬ್ಬರನ್ನಾದರೂ ಹಿಡಿದು ಕೇಳಿ: ಎಷ್ಟು ಹೆಸರು ಬರೆಯುತ್ತಾರೆ, ಯಾವುದಕ್ಕೆ ಎಷ್ಟು ಅಂಕ, ಸಮ ಬಂದರೆ ಏನು ಮಾಡುತ್ತಾರೆ, ನೋಡದ ಚಿತ್ರವಿದ್ದರೆ ಆ ಜಾಗ ಖಾಲಿ ಬಿಡಬಹುದೇ. ಉತ್ತರ ಸಿಕ್ಕ ಮೇಲೆ ಎರಡನೇ ಪುಟವನ್ನಷ್ಟೇ ಹೊಸದಾಗಿ ಬರೆದು ಕಳಿಸಿ.

ಸಂಪಾದಕ