ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

ಪ್ರಿಯ ಓದುಗರೇ,

ಇಂಗ್ಲೆಂಡಿನ ಫುಟ್‌ಬಾಲ್ ಅಭಿಮಾನಿಗಳ ಟಿಕೆಟ್ ಹೋರಾಟದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಸಿಟ್ಟು ತರಿಸಿದೆ. ನಿಮ್ಮ ಅಕ್ಷರಗಳೇ ಅದನ್ನು ಹೇಳುತ್ತವೆ: ಮೊದಲ ಪುಟದಲ್ಲಿ ದುಂಡಗೆ ಕೂತಿದ್ದವು ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಓಡತೊಡಗಿವೆ. ಅಷ್ಟು ಮನಸ್ಸಿಟ್ಟು ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಡುವುದು ಸರಿಯಲ್ಲ.

ನಿಮ್ಮ ವಾದದ ಸಾರ ಇಷ್ಟು. ಕ್ಲಬ್ ಎಂದರೆ ವ್ಯಾಪಾರ, ಟಿಕೆಟ್ ಅದರ ಸರಕು. ದುಬಾರಿ ಎನಿಸಿದವರು ಮನೆಯಲ್ಲಿ ಕೂತು ಟಿವಿ ನೋಡಲಿ. ಬೆಲೆ ಏರಿದರೂ ಸ್ಟ್ಯಾಂಡುಗಳು ತುಂಬುತ್ತವೆ, ಹಾಗಿದ್ದರೆ ಅನ್ಯಾಯ ಎಲ್ಲಿ? ದೊಡ್ಡ ಕ್ಲಬ್‌ಗಳ ಗಳಿಕೆಯನ್ನು ಸಣ್ಣವಕ್ಕೆ ಹಂಚಿ ಎನ್ನುವುದು ಗೆದ್ದವನಿಗೆ ದಂಡ ಹಾಕಿದಂತೆ. ಇಷ್ಟು ಹೇಳಿ ಕೊನೆಯಲ್ಲಿ ಒಂದು ಕುಟುಕು: “ಸಂಪಾದಕರೇ, ಅಂದು ನೀವು ಅಲ್ಲಿದ್ದರೆ ಎದ್ದು ಹೊರನಡೆಯುತ್ತಿದ್ದಿರಾ?”

ಮೊದಲು ನಮ್ಮ ತಪ್ಪು. 2016ರ ಫೆಬ್ರವರಿ 6ರಂದು ಲಿವರ್‌ಪೂಲ್ ಮತ್ತು ಸಂಡರ್‌ಲ್ಯಾಂಡ್ ಪಂದ್ಯದ 77ನೇ ನಿಮಿಷದಲ್ಲಿ ಲಿವರ್‌ಪೂಲ್‌ನ ತವರು ಮೈದಾನವಾದ “ಇಡೀ ಆನ್‌ಫೀಲ್ಡ್ ಖಾಲಿಯಾಯಿತು” ಎಂದು ಬರೆದಿದ್ದೆವು. ಹಾಗಾಗಲಿಲ್ಲ. ಹೊರನಡೆದವರು ಸುಮಾರು 10 ಸಾವಿರ ಮಂದಿ. ಅವರ ಮೂರು ಪಟ್ಟಿಗೂ ಹೆಚ್ಚು ಜನ ಕೂತೇ ಇದ್ದರು. ನೀವು ತಿದ್ದಿದ್ದು ಸರಿ. ಆದರೆ 77ನೇ ನಿಮಿಷವೇ ಏಕೆ ಎಂಬುದನ್ನು ನಿಮ್ಮ ಪತ್ರ ದಾಟಿಕೊಂಡು ಹೋಗಿದೆ. ಮುಂದಿನ ಋತುವಿಗೆ ಸಿದ್ಧವಾಗುತ್ತಿದ್ದ ಹೊಸ ಮೇನ್ ಸ್ಟ್ಯಾಂಡ್‌ನಲ್ಲಿ ಅತಿ ದುಬಾರಿ ಟಿಕೆಟ್ಟಿಗೆ 77 ಪೌಂಡ್ ಎಂದು ಕ್ಲಬ್ ಘೋಷಿಸಿತ್ತು. ಅದುವರೆಗಿನ ಗರಿಷ್ಠ ದರ 59. ನಾಲ್ಕೇ ದಿನದಲ್ಲಿ ಅಮೆರಿಕದ ಮಾಲೀಕರು ಕ್ಷಮೆ ಕೇಳಿ 59ಕ್ಕೇ ಮರಳಿದರು, ಎರಡು ಋತುಗಳವರೆಗೆ ದರ ಏರಿಸುವುದಿಲ್ಲ ಎಂದರು. ವ್ಯಾಪಾರವೇ ಸರ್ವಸ್ವ ಎಂದು ನಂಬಿದವರಾಗಿದ್ದರೆ ಅವರು ಕ್ಷಮೆ ಕೇಳುವ ಅಗತ್ಯವಿರಲಿಲ್ಲ. ಉಳಿದ ಜನ ಕೂತೇ ಇದ್ದರಲ್ಲ!

ಈಗ ಲೆಕ್ಕಕ್ಕೆ ಬರೋಣ. ನೀವು ಲೆಕ್ಕ ಬಲ್ಲವರಂತೆ ಕಾಣುತ್ತೀರಿ. 1992ರಲ್ಲಿ ಇಂಗ್ಲೆಂಡಿನ ಅತಿ ಮೇಲಿನ ಹಂತದ ಪ್ರೀಮಿಯರ್ ಲೀಗ್ ಹುಟ್ಟಿದಾಗ ಐದು ವರ್ಷಗಳ ಟಿವಿ ಒಪ್ಪಂದವನ್ನು 30.4 ಕೋಟಿ ಪೌಂಡ್ ಎಂದು ಘೋಷಿಸಲಾಗಿತ್ತು. 2015ರ ಫೆಬ್ರವರಿಯಲ್ಲಿ ಬ್ರಿಟನ್ನಿನೊಳಗಿನ ಪ್ರಸಾರ ಹಕ್ಕಷ್ಟೇ ಮೂರು ಋತುಗಳಿಗೆ 513.6 ಕೋಟಿ ಪೌಂಡಿಗೆ ಮಾರಾಟವಾಯಿತು. 77 ಪೌಂಡಿನ ಘೋಷಣೆ ಬಂದದ್ದು ಇದಾದ ಒಂದೇ ವರ್ಷಕ್ಕೆ. ಆ ಒಪ್ಪಂದದ ಮೊದಲ ಋತುವಿನಲ್ಲಿ ಕೊನೆಯ ಸ್ಥಾನಕ್ಕಿಳಿದು ಹಿಂಬಡ್ತಿ ಪಡೆದ ಸಂಡರ್‌ಲ್ಯಾಂಡಿಗೂ ಸುಮಾರು 9.3 ಕೋಟಿ ಪೌಂಡ್ ಸಿಕ್ಕಿತು. ಈಗ ಒಂದು ಕ್ಲಬ್ ತನ್ನ ಮೈದಾನಕ್ಕೆ ಬರುವ ಎದುರಾಳಿ ಅಭಿಮಾನಿಗಳ 3,000 ಟಿಕೆಟ್‌ಗಳ ಮೇಲೆ ತಲಾ 20 ಪೌಂಡ್ ಇಳಿಸಿತು ಎನ್ನೋಣ. ವರ್ಷಕ್ಕೆ ತವರಿನಲ್ಲಿ 19 ಲೀಗ್ ಪಂದ್ಯ. ಒಟ್ಟು ನಷ್ಟ 11.4 ಲಕ್ಷ ಪೌಂಡ್. ಕಟ್ಟಕಡೆಯ ತಂಡದ ಟಿವಿ ಹಣದಲ್ಲೂ ಇದು ನೂರಕ್ಕೆ ಒಂದೂಕಾಲು ಪಾಲು. ಆಟಗಾರರ ಸಂಬಳಕ್ಕೆ ಟಿಕೆಟ್ ಏರಿಸಲೇಬೇಕು ಎನ್ನುತ್ತೀರಿ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಸ್ವಾಮಿ. ಆನೆಗೆ ಅದು ಗಂಟಲಿಗೂ ಸಾಲದು. ಮಜ್ಜಿಗೆ ಕೊಟ್ಟವನ ಮನೆಯಲ್ಲಿ ಮಾತ್ರ ಮಡಕೆ ಖಾಲಿ.

“ಸ್ಟ್ಯಾಂಡ್ ತುಂಬಿದೆಯಲ್ಲ” ಎಂಬುದು ನಿಮ್ಮ ಗಟ್ಟಿ ವಾದ. ತುಂಬಿದ ಸ್ಟ್ಯಾಂಡಿನಲ್ಲಿ ಬಂದವರು ಕಾಣುತ್ತಾರೆ, ಬರುವುದನ್ನು ಬಿಟ್ಟವರು ಕಾಣುವುದಿಲ್ಲ. ಅವರೂ ಒಮ್ಮೆ ಕಣ್ಣಿಗೆ ಬಿದ್ದರು. 2013ರ ಜನವರಿಯಲ್ಲಿ ಆರ್ಸೆನಲ್ ಮೈದಾನದಲ್ಲಿ ಆಡಲು ಬಂದ ಮ್ಯಾಂಚೆಸ್ಟರ್ ಸಿಟಿಯ ಅಭಿಮಾನಿಗಳಿಗೆ 3,000 ಟಿಕೆಟ್ ಸಿಕ್ಕಿತ್ತು; ತಲಾ 62 ಪೌಂಡ್. 912 ಟಿಕೆಟ್ ಹಾಗೆಯೇ ವಾಪಸ್ಸಾದವು. ಬಂದವರು “62 ಪೌಂಡ್!! ಇದಕ್ಕೆ ಕೊನೆ ಎಲ್ಲಿ?” ಎಂಬ ಬ್ಯಾನರ್ ಹಿಡಿದರು, ಮೈದಾನದ ಸಿಬ್ಬಂದಿ ಅದನ್ನು ಕಿತ್ತುಕೊಂಡರು. ಸಿಟಿ 2–0ಯಿಂದ ಗೆದ್ದಿತು. ಪಂದ್ಯ ಮುಗಿದು ಆಟಗಾರರು ಹೊರಡುತ್ತಿದ್ದಾಗ ಲೈನ್ಸ್‌ಮನ್ ಒಬ್ಬರು ಪ್ರವಾಸಿ ಅಭಿಮಾನಿಗಳ ಮೂಲೆಯತ್ತ ತೋರಿಸಿ, ಅಲ್ಲಿರುವವರು 62 ಪೌಂಡ್ ತೆತ್ತು ಬಂದಿದ್ದಾರೆ, ಹೋಗಿ ಅವರನ್ನು ಮಾತನಾಡಿಸಿ ಎಂದರು. ಟಿವಿಯ ಮೈಕ್ ಆ ಮಾತನ್ನು ಹಿಡಿಯಿತು. ಅಭಿಮಾನಿ ಸಂಘಟನೆಗಳ ಎಷ್ಟೋ ಕರಪತ್ರಗಳು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು ಎಂದು ನನ್ನ ಅನಿಸಿಕೆ. ಬಾವುಟ ಹಿಡಿದು ಅಂಚಿನಲ್ಲಿ ಓಡುವ ಆ ಮನುಷ್ಯನಿಗೆ ಟಿಕೆಟ್ಟಿನ ಬೆಲೆ ಗೊತ್ತಿತ್ತು!

ಆ ತಿಂಗಳೇ ಅಭಿಮಾನಿಗಳ ಒಕ್ಕೂಟ “ಇಪ್ಪತ್ತೇ ಸಾಕು” ಎಂಬ ಚಳವಳಿ ಆರಂಭಿಸಿತು. ಪ್ರವಾಸಿ ಅಭಿಮಾನಿಗೆ 20 ಪೌಂಡ್ ಮೀರದ ಟಿಕೆಟ್, ಇಷ್ಟೇ ಬೇಡಿಕೆ. ವಾರಾಂತ್ಯದಲ್ಲಿ ಹಾಡುತ್ತಾ ಒಬ್ಬರನ್ನೊಬ್ಬರು ಬೈಯುವ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್ ಕಡೆಯವರು ಲಂಡನ್ನಿನ ಲೀಗ್ ಕಚೇರಿಯ ಮುಂದೆ ಒಂದೇ ಮೆರವಣಿಗೆಯಲ್ಲಿ ನಡೆದರು. 2016ರ ಮಾರ್ಚ್‌ನಲ್ಲಿ 20 ಕ್ಲಬ್‌ಗಳು 30 ಪೌಂಡಿನ ಮಿತಿಗೆ ಒಪ್ಪಿದವು. ಕೇಳಿದ್ದು 20, ಸಿಕ್ಕಿದ್ದು 30. ಆ ಮಿತಿ ಈಗಲೂ ಮುಂದುವರಿದಿದೆ. ಅದರಿಂದ ಯಾವ ಕ್ಲಬ್ಬೂ ಬಾಗಿಲು ಹಾಕಲಿಲ್ಲ.

“ಟಿವಿ ನೋಡಲಿ” ಎಂದಿರಲ್ಲ, ಅಲ್ಲೇ ನಿಮ್ಮ ವಾದ ಎಡವುತ್ತದೆ. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಖಾಲಿ ಮೈದಾನಗಳಲ್ಲಿ ಆಟ ಮತ್ತೆ ಆರಂಭವಾದದ್ದು ನೆನಪಿದೆಯೇ? ಅದೇ ಆಟಗಾರರು, ಅದೇ ಚೆಂಡು, ಅದೇ ಕ್ಯಾಮೆರಾ. ಆದರೂ ಪ್ರಸಾರ ಮಾಡುವವರಿಗೆ ಏನೋ ಕೊರತೆ ಎನಿಸಿತು. ವಿಡಿಯೊ ಗೇಮ್‌ಗಾಗಿ ಧ್ವನಿಮುದ್ರಿಸಿಟ್ಟಿದ್ದ ಪ್ರೇಕ್ಷಕರ ಗದ್ದಲವನ್ನು ತಂದು ಪಂದ್ಯಕ್ಕೆ ಬೆರೆಸಿದರು. ಚೆಂಡು ಗೋಲಿನ ಹತ್ತಿರ ಬಂದಾಗ ಗುಂಡಿ ಒತ್ತಿ ಸದ್ದು ಏರಿಸಬೇಕು, ದಾಟಿ ಹೋದಾಗ ನಿಟ್ಟುಸಿರು ಬಿಡಿಸಬೇಕು. ನಾನೂ ಒಂದೆರಡು ಪಂದ್ಯ ಹಾಗೆ ನೋಡಿದೆ. ಸದ್ದು ಪ್ರತಿ ಬಾರಿಯೂ ಅರೆಕ್ಷಣ ತಡವಾಗಿ ಬರುತ್ತಿತ್ತು, ಮದುವೆ ಮನೆಯಲ್ಲಿ ಹಾಸ್ಯ ಅರ್ಥವಾಗದೆ ಎಲ್ಲರೂ ನಕ್ಕ ಮೇಲೆ ನಗುವ ನೆಂಟನಂತೆ. ಲೀಗ್ ಜಗತ್ತಿಗೆ ಮಾರುವ ಸರಕಿನಲ್ಲಿ ಆ ಗದ್ದಲವೂ ಸೇರಿದೆ. ಅದನ್ನು ತಯಾರಿಸುವವನು ಕೂಲಿ ಕೇಳುವುದಿಲ್ಲ, ಮೇಲೆ ತಾನೇ ದುಡ್ಡು ಕೊಟ್ಟು ಒಳಗೆ ಬರುತ್ತಾನೆ. ಅವನನ್ನು ಬರೀ ಗಿರಾಕಿ ಎಂದು ಕರೆಯುವುದು ಲೆಕ್ಕಪತ್ರದ ಭಾಷೆಯಲ್ಲೂ ತಪ್ಪು.

ಹಳೆಯ ಮಾತೊಂದಿದೆ. 1989ರ ಏಪ್ರಿಲ್‌ನಲ್ಲಿ ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನಡೆದ ನೂಕುನುಗ್ಗಲು 97 ಲಿವರ್‌ಪೂಲ್ ಅಭಿಮಾನಿಗಳನ್ನು ಬಲಿ ಪಡೆಯಿತು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ 1990ರ ಜನವರಿಯ ವರದಿಯಲ್ಲಿ ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನ ಕೊಡಿ ಎಂದರು. ಎಲ್ಲರಿಗೂ ನೆನಪಿರುವುದು ಅಷ್ಟೇ. ಅದೇ ವರದಿಯಲ್ಲಿ ಅವರು ಬೆಲೆಯ ಮಾತನ್ನೂ ಆಡಿದ್ದರು: ನಿಂತು ನೋಡುತ್ತಿದ್ದವರ ಜೇಬಿಗೆ ಒಗ್ಗುವಂತೆ ಅಗ್ಗದ ಆಸನಗಳ ದರ ಇಡಲು ಸಾಧ್ಯವಿದೆ, ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ ನಿಲ್ಲಲು 4 ಪೌಂಡ್, ಕೂರಲು 6 ಪೌಂಡ್, ನೋಡಿ ಎಂದು. ಕ್ಲಬ್‌ಗಳು ಆಸನದ ಮಾತನ್ನು ಶಿರಸಾವಹಿಸಿ ಪಾಲಿಸಿದವು, ಎರಡು ಪೌಂಡಿನ ಅಂತರದ ಮಾತನ್ನು ಮರೆತವು.

ಹಂಚಿಕೆಯ ಪ್ರಶ್ನೆ ಇನ್ನೂ ಜಟಿಲ. ಇಲ್ಲಿ ನಿಮ್ಮ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಆದರೆ ಹಂಚುವುದು ಹೊಸ ಬೇಡಿಕೆಯಲ್ಲ. 1983ರವರೆಗೆ ಇಂಗ್ಲಿಷ್ ಲೀಗ್ ಪಂದ್ಯಗಳ ಗೇಟ್ ಹಣದಲ್ಲಿ ಎದುರಾಳಿ ಕ್ಲಬ್ಬಿಗೂ ಒಂದು ಪಾಲು ಹೋಗುತ್ತಿತ್ತು. ಒಂಟಿಯಾಗಿ ಯಾರೂ ಪಂದ್ಯ ಆಡಲಾರರು ಎಂಬ ಸರಳ ತಿಳಿವಳಿಕೆ ಅದು. ದೊಡ್ಡವರ ಒತ್ತಡಕ್ಕೆ ಅದು ಹೋಯಿತು. ಪ್ರೀಮಿಯರ್ ಲೀಗ್ ಒಳಗೆ ಈಗಲೂ ದೇಶದೊಳಗಿನ ಟಿವಿ ಹಣದ ಅರ್ಧ ಭಾಗ ಎಲ್ಲರಿಗೂ ಸಮ, ಕಾಲು ಭಾಗ ಸ್ಥಾನಕ್ಕೆ ತಕ್ಕಂತೆ, ಕಾಲು ಭಾಗ ಎಷ್ಟು ಪಂದ್ಯ ಟಿವಿಯಲ್ಲಿ ಬಂತೆಂಬುದಕ್ಕೆ. ಗೆದ್ದವನಿಗೆ ದಂಡ ಎಂದಿರಿ. ಈ ದಂಡ ತೆತ್ತೇ ಅದು ಜಗತ್ತಿನ ಅತಿ ಶ್ರೀಮಂತ ಫುಟ್‌ಬಾಲ್ ಲೀಗ್ ಆಗಿದೆ. ಜಗಳವಿರುವುದು ಆ ಇಪ್ಪತ್ತು ಕ್ಲಬ್‌ಗಳ ಬಾಗಿಲಿನಾಚೆ.

ಬಾಗಿಲಿನಾಚೆ ಬರಿ ಎಂಬ ಊರಿನ ಕ್ಲಬ್ಬಿತ್ತು, ಹುಟ್ಟಿದ್ದು 1885ರಲ್ಲಿ. ಇಂಗ್ಲೆಂಡಿನ ಹಳೆಯ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್‌ನ 1903ರ ಫೈನಲ್‌ನಲ್ಲಿ ಡರ್ಬಿ ಕೌಂಟಿ ಕ್ಲಬ್ಬನ್ನು 6–0ಯಿಂದ ಸೋಲಿಸಿತು. ಫೈನಲ್‌ನಲ್ಲಿ ಅಷ್ಟು ದೊಡ್ಡ ಅಂತರದ ಗೆಲುವು ಮತ್ತೆ ಬಂದದ್ದು 2019ರ ಮೇ ತಿಂಗಳಲ್ಲಿ, ಗೆದ್ದದ್ದು ಮ್ಯಾಂಚೆಸ್ಟರ್ ಸಿಟಿ. ಅದೇ ವರ್ಷದ ಆಗಸ್ಟ್‌ನಲ್ಲಿ ಬರಿಯನ್ನು ಪ್ರೀಮಿಯರ್ ಲೀಗ್‌ಗಿಂತ ಕೆಳಗಿನ ಹಂತಗಳ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಿಂದ ಹೊರಹಾಕಲಾಯಿತು. ಎರಡು ಊರುಗಳ ನಡುವೆ ಹೆಚ್ಚು ದೂರವೂ ಇಲ್ಲ. ಬರಿ ಮುಳುಗಿದ್ದು ಹಂಚಿಕೆ ಇಲ್ಲದ್ದರಿಂದ ಮಾತ್ರ ಎಂದು ನಾನು ಹೇಳಿದರೆ ಸುಳ್ಳಾದೀತು. ಹಾಸಿಗೆ ಮೀರಿ ಕಾಲು ಚಾಚಿದ್ದು, ಮಾಲೀಕರು ಹಣವಿದೆಯೆಂದು ತೋರಿಸಲಾಗದೆ ಹೋದದ್ದು ಕಾರಣ. ಆದರೆ ಮೇಲಿನ ಮೆಟ್ಟಿಲಿಗೂ ಕೆಳಗಿನದಕ್ಕೂ ನಡುವೆ ಅಷ್ಟು ಎತ್ತರವಿದ್ದಾಗ ಕೆಳಗಿನವರು ಏಣಿ ಹುಡುಕುವುದಿಲ್ಲ, ಜೂಜಾಡುತ್ತಾರೆ. 2025ರ ಕಾನೂನಿನಿಂದ ಇಂಗ್ಲಿಷ್ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಬಂದಿದೆ, ಹಣದ ಹಂಚಿಕೆಯಲ್ಲಿ ಲೀಗ್‌ಗಳು ಒಮ್ಮತಕ್ಕೆ ಬಾರದಿದ್ದರೆ ಮಧ್ಯೆ ಪ್ರವೇಶಿಸುವ ಅಧಿಕಾರವೂ ಅದಕ್ಕಿದೆ. ಕಾದು ನೋಡೋಣ.

ನಾನು ಒಪ್ಪುವ ಆ ಅರ್ಧ ಇದು: ಅಭಿಮಾನಿಗಳ ಮಾತಿನಲ್ಲಿಯೂ ಎರಡು ನಾಲಿಗೆ ಇದೆ. ಟಿಕೆಟ್ ಇಳಿಸಿ ಎನ್ನುವ ಬಾಯಿಯೇ ಬೇಸಿಗೆಯಲ್ಲಿ “ಯಾಕೆ ದೊಡ್ಡ ಆಟಗಾರನನ್ನು ಕೊಳ್ಳಲಿಲ್ಲ” ಎಂದು ಕೂಗುತ್ತದೆ. ಸಣ್ಣ ಕ್ಲಬ್ಬಿಗೆ ಪಾಲು ಕೊಡಿ ಎಂಬ ಫಲಕ ಹಿಡಿದವರು ತಮ್ಮ ಕ್ಲಬ್ಬಿನ ಪಾಲು ಕಡಿಮೆಯಾದಾಗ ಏನೆನ್ನುತ್ತಾರೆ ಎಂಬುದನ್ನು ನೋಡಬೇಕು. ನಮ್ಮ ಲೇಖನ ಅವರನ್ನು ಸಂತರಂತೆ ಚಿತ್ರಿಸಿತ್ತು. ಅದಕ್ಕೆ ನಿಮ್ಮ ಸಿಟ್ಟು ನ್ಯಾಯವೇ.

ಇನ್ನು ನಿಮ್ಮ ಕುಟುಕು. ಅಂದು 77ನೇ ನಿಮಿಷದಲ್ಲಿ ಲಿವರ್‌ಪೂಲ್ 2–0ಯಿಂದ ಮುಂದಿತ್ತು. ಕೋಚ್ ಯೂರ್ಗನ್ ಕ್ಲಾಪ್ ಅಪೆಂಡಿಕ್ಸ್ ತೊಂದರೆಯಿಂದ ಮೈದಾನಕ್ಕೇ ಬಂದಿರಲಿಲ್ಲ. ಅವರಿಗಾದರೂ ವೈದ್ಯರ ಕಾರಣವಿತ್ತು. ಹತ್ತು ಸಾವಿರ ಜನ ಹೊರಟ ಮೇಲೆ 82ರಲ್ಲಿ ಒಂದು, 89ರಲ್ಲಿ ಇನ್ನೊಂದು ಗೋಲು ಬಿಟ್ಟುಕೊಟ್ಟು ತಂಡ 2–2 ಡ್ರಾ ಮಾಡಿಕೊಂಡಿತು. ನಾನಾಗಿದ್ದರೆ? ಎದ್ದಿರುತ್ತಿದ್ದೆ. ಮೆಟ್ಟಿಲಿಳಿದು ಹೊರಬಾಗಿಲವರೆಗೂ ಬಂದಿರುತ್ತಿದ್ದೆ. 82ನೇ ನಿಮಿಷದಲ್ಲಿ ಒಳಗಿನಿಂದ ಆ ಸದ್ದು ಕೇಳಿದ ಮೇಲೂ ತಿರುಗಿ ನೋಡದೆ ಬೀದಿಗೆ ಇಳಿಯುತ್ತಿದ್ದೆ ಎಂದು ಮಾತ್ರ ಆಣೆ ಇಟ್ಟು ಹೇಳಲಾರೆ.

— ಸಂಪಾದಕ