ಅವ್ವನನ್ನು ತಕ್ಕಡಿಗೇರಿಸಬೇಡಿ

ಪ್ರಶ್ನೆ: ನಾನು ಗದಗ ತಾಲ್ಲೂಕಿನವನು. ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಅಪ್ಪ ತೀರಿಕೊಂಡರು. ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮೂವರು ಮಕ್ಕಳನ್ನು ಓದಿಸಿದಳು. ಶ್ರೀಶೈಲದ ಮಲ್ಲಯ್ಯನೆಂದರೆ ಅವಳಿಗೆ ಪ್ರಾಣ. ಯುಗಾದಿಗೆ ಮುಂಚೆ ನಮ್ಮೂರ ಮೇಲೆ ಹಾದುಹೋಗುವ ಪಾದಯಾತ್ರಿಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುವುದನ್ನು ಎಂಥ ಬರಗಾಲದಲ್ಲೂ ಬಿಟ್ಟವಳಲ್ಲ. ತಾನು ಮಾತ್ರ ಒಮ್ಮೆಯೂ ಶ್ರೀಶೈಲ ಕಂಡಿಲ್ಲ. ಮೊಣಕಾಲು ನೋವಿದ್ದರೂ ಇಂದಿಗೂ ನಸುಕಿನ ನಾಲ್ಕಕ್ಕೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿಯುತ್ತಾಳೆ. ಅಂಥ ಗಟ್ಟಿ ಜೀವ. ಈಗ ಅವಳಿಗೆ 70 ತುಂಬುತ್ತದೆ. ಕಲ್ಯಾಣ ಮಂಟಪ ಹಿಡಿದು, ನಾಣ್ಯಗಳಲ್ಲಿ ತುಲಾಭಾರ ಮಾಡಿಸಿ, ಅಭಿನಂದನ ಗ್ರಂಥ ತರಬೇಕೆಂದು ಅಣ್ಣನ ಹಟ. ಅವ್ವ ‘ನಾನೇನು ಜೋಳದ ಚೀಲವೇ, ತೂಗಲಿಕ್ಕೆ?’ ಎನ್ನುತ್ತಾಳೆ. ನನಗಂತೂ ದೇವರಲ್ಲಿ ನಂಬಿಕೆಯಿಲ್ಲ. ಅವಳ ಭಕ್ತಿಯನ್ನು ಗೌರವಿಸಲು ನಾನು ಹೊರಟರೆ ನಾಟಕವಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಿಮ್ಮ ಅವ್ವನ ಆ ಒಂದು ಮಾತು. ಬೇಡ ಎಂದು ಅವರು ಇಷ್ಟು ಸ್ಪಷ್ಟವಾಗಿ ಹೇಳಿರುವಾಗ ಅಣ್ಣ ಇನ್ನೂ ಮಂಟಪದ ಬಾಡಿಗೆ ವಿಚಾರಿಸುತ್ತಿದ್ದರೆ, ಆ ಸಮಾರಂಭ ಯಾರಿಗಾಗಿ ಎಂದು ಅವರನ್ನೇ ಕೇಳಿ. ಅಭಿನಂದನ ಗ್ರಂಥಗಳ ವಿಷಯ ನನ್ನ ಬಾಯಿಂದ ಹೇಳಿಸಬೇಡಿ. ನಮ್ಮ ಮನೆಯ ಕಪಾಟಿನಲ್ಲೂ ಅಂಥವು ಸಾಲಾಗಿ ನಿಂತಿವೆ. ಮುಖಪುಟದಲ್ಲಿರುವವರು ಸಹ ಅವನ್ನು ಪೂರ್ತಿ ಓದಿರಲಾರರು.

ಇನ್ನು ಜಗಳದ ಮಾತು. ‘ಇಂದಿಗೂ ನಸುಕಿನ ನಾಲ್ಕಕ್ಕೆ ಏಳುತ್ತಾಳೆ’ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಮೊಣಕಾಲು ನೋಯುವ 70ರ ಹೆಂಗಸು ಒಲೆಯ ಮುಂದೆ ಕೂತು ಬಡಿಯುತ್ತಿದ್ದರೆ, ಆ ಹೊತ್ತಿನಲ್ಲಿ ಮನೆಯ ಉಳಿದವರು ಏನು ಮಾಡುತ್ತಿರುತ್ತಾರೆ? ಗಂಡ ಸತ್ತಾಗ ಅವರು ಗಟ್ಟಿಯಾದದ್ದು ಬೇರೆ ದಾರಿಯಿಲ್ಲದೆ. ಈಗ ದಾರಿಯಿದೆ, ದುಡಿಯುವ ಮಕ್ಕಳಿದ್ದಾರೆ. ತಾಯಿಯ ಸಹನೆಯನ್ನು ಹೊಗಳುತ್ತಲೇ ಅದನ್ನು ಬಳಸಿಕೊಳ್ಳುವ ಚಾಳಿ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಮಂಟಪಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲು ಒಳ್ಳೆಯ ಮೂಳೆ ವೈದ್ಯರಿಗೆ ತೋರಿಸಿ. ನೀವೂ ಅಣ್ಣನೂ ರೊಟ್ಟಿ ಬಡಿಯುವುದನ್ನು ಕಲಿಯಿರಿ. ಎಸರು ಕಾಯಿಸಿ, ಹಿಟ್ಟು ಕಲಸಿ, ಕೊಣಮಿಗೆಯಲ್ಲಿ, ಅಂದರೆ ಹಿಟ್ಟು ನಾದುವ ಮರಿಗೆಯಲ್ಲಿ, ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ನಾದುವುದು ಸಾಲದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಮೊದಲ ವಾರದ ರೊಟ್ಟಿ ಯಾವ ಆಕಾರದಲ್ಲಿದ್ದರೂ ಅವ್ವ ತಿನ್ನುತ್ತಾರೆ. ನಗುತ್ತಾರೆ ಕೂಡ, ಅದಕ್ಕೆ ಸಿದ್ಧರಾಗಿರಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ನಿಮ್ಮೂರಿಗೆ ಸಮೀಪದಲ್ಲೇ ಲಕ್ಕುಂಡಿ ಇದೆ. ಅಲ್ಲಿನ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಕಥೆ ಶಾಲೆಯಲ್ಲಿ ಓದಿಯೇ ಇರುತ್ತೀರಿ, ಆದರೆ ತಾಯಿಯ ಕಥೆಯಾಗಿ ಬಹುಶಃ ಓದಿಲ್ಲ. ಗಂಡ ನಾಗದೇವ ಯುದ್ಧದಲ್ಲಿ ಸತ್ತ. ಅವನ ಇನ್ನೊಬ್ಬ ಹೆಂಡತಿ, ಅತ್ತಿಮಬ್ಬೆಯ ಸ್ವಂತ ತಂಗಿ ಗುಂಡಮಬ್ಬೆ, ಚಿತೆ ಏರಿದಳು. ಅತ್ತಿಮಬ್ಬೆ ಮಗ ಅಣ್ಣಿಗನನ್ನು ಬೆಳೆಸಲು ಉಳಿದಳು. ವ್ರತನಿಯಮಗಳಲ್ಲಿ ದೇಹ ದಂಡಿಸಿಕೊಂಡು ಬದುಕಿದಳು. 1007ರ ಲಕ್ಕುಂಡಿ ಶಾಸನ ಅವಳ ಪವಾಡಗಳನ್ನೂ ಹಾಡಿಹೊಗಳುತ್ತದೆ. ಪವಾಡಗಳನ್ನು ನೀವು ನಂಬಬೇಕಾಗಿಲ್ಲ, ನನಗೂ ಅವು ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳಲ್ಲ, ಅದನ್ನು ಯೋಚಿಸಿ. ಓಲೆಗರಿಯ ಮೇಲೆ ಕಬ್ಬಿಣದ ಕಂಟದ ಮೊನೆಯಿಂದ ಒಂದೊಂದೇ ಅಕ್ಷರ ಕೊರೆಯಬೇಕಿದ್ದ ಕಾಲ ಅದು. ರನ್ನನಿಂದ 993ರಲ್ಲಿ ‘ಅಜಿತಪುರಾಣ’ ಬರೆಸಿದವಳೂ ಅವಳೇ. ಜೈನಧರ್ಮದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲದ ಕನ್ನಡಿಗನೂ ಅವಳ ಶ್ರದ್ಧೆಯ ಫಲವನ್ನು ಇಂದಿಗೂ ಉಣ್ಣುತ್ತಿದ್ದಾನೆ.

ನಿಮ್ಮ ಅವ್ವನ ಶ್ರದ್ಧೆಯೂ ಆ ಜಾತಿಯದು. ಮಲ್ಲಯ್ಯನನ್ನು ಕಾಣದೆಯೇ, ಅವನತ್ತ ನಡೆಯುವವರ ಹೊಟ್ಟೆ ತುಂಬಿಸಿದರು. ಅದನ್ನು ಮುಂದುವರಿಸಲು ನಿಮಗೆ ದೇವರಲ್ಲಿ ನಂಬಿಕೆ ಬೇಕಿಲ್ಲ, ಜೋಳದ ಹಿಟ್ಟು ಬೇಕು. ಮುಂದಿನ ಯುಗಾದಿಗೆ, ಪಾದಯಾತ್ರಿಗಳು ಬರುವ ಮುಂಚಿನಿಂದಲೇ ಖಡಕ್ ರೊಟ್ಟಿಯ ಕೆಲಸ ನಿಮ್ಮ ಕೈಗೆ ಬರಲಿ. ಅವ್ವ ಕುರ್ಚಿಯಲ್ಲಿ ಕೂತು ಹುಕುಂ ಮಾಡಲಿ. ಮಲ್ಲಯ್ಯನ ಕಂಬಿ ಹೊತ್ತ ಪಾದಯಾತ್ರಿಗಳು ಬಾಗಿಲಿಗೆ ಬಂದಾಗ ರೊಟ್ಟಿಯ ಗಂಟು ಅವ್ವನ ಕೈಯಿಂದಲೇ ಹೋಗಲಿ. ನೀವು ಕೈ ಮುಗಿಯಲೇಬೇಕೆಂದು ಯಾರೂ ಹೇಳುವುದಿಲ್ಲ. ಮುಗಿಯುವವರ ಕಾಲಿಗೆ ನೀರು ಕೊಟ್ಟರೆ ಸಾಕು, ಅದರಲ್ಲಿ ನಾಟಕವೇನೂ ಇಲ್ಲ.

ಆಮೇಲೆ ಅವರನ್ನು ಶ್ರೀಶೈಲಕ್ಕೆ ಕರೆದುಕೊಂಡು ಹೋಗಿ. ನಲ್ಲಮಲ ಕಾಡಿನ ದಾರಿ, ಭೀಮನಕೊಳ್ಳದ ಇಳಿತ, ಕೈಲಾಸದ್ವಾರದ ಏರು ಆ ಮೊಣಕಾಲಿಗೆ ಆಗುವ ಮಾತಲ್ಲ, ಬಸ್ಸಿದೆ, ಕಾರಿದೆ. ಯುಗಾದಿಯ ನೂಕುನುಗ್ಗಲು ತಪ್ಪಿಸಿ ಹೋದರೆ ದರ್ಶನ ಸಲೀಸು. ಆದರೆ ಅವ್ವನನ್ನು ಕೇಳಿಯೇ ದಿನ ಗೊತ್ತುಮಾಡಿ. ತಾನು ರೊಟ್ಟಿ ಕಟ್ಟಿಕೊಟ್ಟ ಆ ಜನಸಾಗರವನ್ನೇ ನೋಡುವ ಆಸೆ ಅವರಿಗಿದ್ದೀತು. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ, ಅರಿಸಿನ, ಕುಂಕುಮ ಒಯ್ಯುತ್ತಾರೆ. ಗಂಡನಿಲ್ಲದವಳು ಇದನ್ನೆಲ್ಲ ಮುಟ್ಟಬಾರದೆಂದು ಊರಿನಲ್ಲಿ ಯಾರಾದರೂ ಎಂದಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಂಗಡಿಯಲ್ಲಿ ಸೀರೆ ಆರಿಸುವವರೂ ಅವ್ವನೇ, ಒಪ್ಪಿಸುವವರೂ ಅವ್ವನೇ ಆಗಲಿ.

ದಾರಿಯುದ್ದಕ್ಕೂ ಸಮಯ ಸಿಗುತ್ತದಲ್ಲ, ಆಗ ಕೇಳಿ. ‘ನಿನ್ನ ಕಷ್ಟ ಹೇಳು’ ಎಂದರೆ ಯಾವ ತಾಯಿಯೂ ಹೇಳುವುದಿಲ್ಲ. ‘ಎಲ್ಲಾ ಮಲ್ಲಯ್ಯ ನಡೆಸಿದ’ ಎಂದು ಮುಗಿಸಿಬಿಡುತ್ತಾರೆ. ಸಣ್ಣ ಪ್ರಶ್ನೆ ಕೇಳಬೇಕು. ಮೊದಲ ಸಲ ಜೋಳ ಉದ್ರಿ ಕೊಟ್ಟವರು ಯಾರು? ರೊಟ್ಟಿಗೆ ಎಷ್ಟು ಸಿಗುತ್ತಿತ್ತು? ಕೊಡಲು ಸತಾಯಿಸಿದವರು ಯಾರು? ಮಳೆಗಾಲದಲ್ಲಿ ಕಟ್ಟಿಗೆ ಎಲ್ಲಿಂದ ತಂದೆ? ಯಾವತ್ತಾದರೂ ಮಲ್ಲಯ್ಯನ ಮೇಲೆ ಸಿಟ್ಟು ಬಂದಿತ್ತೇ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ, ತಿದ್ದಬೇಡಿ. ಅಣ್ಣನಿಗೆ ಪುಸ್ತಕ ಬೇಕೇ ಬೇಕಿದ್ದರೆ ಇದನ್ನೇ ಅಚ್ಚು ಹಾಕಿಸಲಿ.

ಪ್ರಶ್ನೆ: ನಮ್ಮ ತಾಯಿಗೆ 80 ಆಯಿತು. ಸಹಸ್ರಚಂದ್ರ ದರ್ಶನ ಶಾಂತಿ ಮಾಡಿಸಬೇಕೆಂದಿದ್ದೇವೆ. ತಂದೆ ಇಲ್ಲದಿರುವುದರಿಂದ ತಾಯಿಯೊಬ್ಬರಿಗೇ ಮಾಡಲು ಬರುವುದಿಲ್ಲ ಎಂದು ಪುರೋಹಿತರು ಹೇಳುತ್ತಾರೆ. ಏನು ಮಾಡಲಿ? (ಶಿವಮೊಗ್ಗದ ಓದುಗರು)

ಉತ್ತರ: ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಆ ಲೆಕ್ಕದಲ್ಲಿ ಸಾವಿರ ಹುಣ್ಣಿಮೆ ಕಾಣಲು ಹೆಚ್ಚುಕಡಿಮೆ 80 ವರ್ಷ 10 ತಿಂಗಳು ಬೇಕು. ಆದ್ದರಿಂದ ನಿಮಗಿನ್ನೂ ಸಮಯವಿದೆ. ಆ ಹುಣ್ಣಿಮೆಗಳನ್ನು ನಿಮ್ಮ ತಾಯಿ ತಮ್ಮ ಕಣ್ಣಿನಿಂದ ನೋಡಿದ್ದಾರೆಯೇ ಹೊರತು ಗಂಡನ ಕಣ್ಣಿನಿಂದಲ್ಲ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲೇ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದರು. ಗರ್ಭಗುಡಿಯಲ್ಲಿ ನಿಂತು ಅವರು ಆರತಿ ಎತ್ತಬಹುದಾದರೆ, ನಿಮ್ಮ ತಾಯಿ ಸ್ವಂತ ಮನೆಯಲ್ಲಿ ಮಣೆಯ ಮೇಲೆ ಕೂರಲು ಅಡ್ಡಿಯೇನು? ತಾಯಿಗೆ ಮನಸ್ಸಿದ್ದರೆ ಮಾಡಿಸಿ. ಈ ಪುರೋಹಿತರು ಒಪ್ಪದಿದ್ದರೆ ದಕ್ಷಿಣೆ ಕೊಟ್ಟು ನಮಸ್ಕರಿಸಿ ಕಳುಹಿಸಿ, ಒಪ್ಪುವವರನ್ನು ಹುಡುಕಿ. ಶಿವಮೊಗ್ಗದಂಥ ಊರಿನಲ್ಲಿ ಸಿಕ್ಕೇ ಸಿಗುತ್ತಾರೆ.